ಬಾಯಿಮಾತಿನ ನಾಡಿನಲ್ಲಿ ಸಿವಿಲ್ ದಾವೆ



1969ರ ತನಕ ನಮ್ಮ ಸಿವಿಲ್ ನ್ಯಾಯಾಲಯಗಳಲ್ಲಿ ಒಂದು ದಾರಿ ತೆರೆದಿತ್ತು. 1873ರ ಪ್ರಮಾಣ ಕಾಯಿದೆಯ 8ರಿಂದ 11ನೇ ಕಲಮುಗಳ ಪ್ರಕಾರ ಒಬ್ಬ ಕಕ್ಷಿದಾರ ಎದುರಾಳಿಗೆ ‘ನೀನು ಇಂಥ ದೇವಸ್ಥಾನದಲ್ಲಿ ಆಣೆ ಮಾಡಿ ಹೇಳು, ಹೇಳಿದ್ದಕ್ಕೆ ನಾನು ಬದ್ಧ’ ಎನ್ನಬಹುದಿತ್ತು. ಎದುರಾಳಿ ಒಪ್ಪಿದರೆ ನ್ಯಾಯಾಲಯವೇ ಒಬ್ಬರನ್ನು ನೇಮಿಸಿ ಆಣೆ ಮಾಡಿಸುತ್ತಿತ್ತು. ಹಾಗೆ ನುಡಿದ ಮಾತು, ‘ನಾನು ಬದ್ಧ’ ಎಂದವನ ಮಟ್ಟಿಗೆ, ಆ ವಿಷಯದಲ್ಲಿ ಕೊನೆಯ ಮಾತು. ಮೂರನೆಯವರಿಗೆ ತಟ್ಟುವಂಥ ಆಣೆ ಮಾತ್ರ ಕೂಡದು ಎಂದು ಕಾಯಿದೆಯೇ ತಡೆದಿತ್ತು. ಅಂದರೆ ಮಗುವಿನ ತಲೆ ಮುಟ್ಟಿ ಹೇಳಿಸುವಂತಿಲ್ಲ. 1969ರ ಹೊಸ ಪ್ರಮಾಣ ಕಾಯಿದೆ ಈ ದಾರಿಯನ್ನು ಮುಚ್ಚಿತು.

ದಾರಿ ಮುಚ್ಚಿತು, ನಮ್ಮ ನಡವಳಿಕೆ ಬದಲಾಗಲಿಲ್ಲ. ನಮ್ಮ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನ ಇವತ್ತಿಗೂ ಬಾಯಿಮಾತಿನ ಮೇಲೆ ಗದ್ದೆ ಕೊಡುತ್ತಾರೆ, ಹೋಟೆಲಿಗೆ ಪಾಲುದಾರರಾಗುತ್ತಾರೆ, ಸಂಬಳ ನಿಗದಿ ಮಾಡಿ ಕೆಲಸಕ್ಕೆ ಹೋಗುತ್ತಾರೆ. ಮಾತು ಮುರಿದಾಗ ಬರುವುದು ನ್ಯಾಯಾಲಯಕ್ಕೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ: ‘ಬರೆದದ್ದು ಏನಿದೆ?’ ನಾನು ಈ ಸಂಜೆ ಹೇಳಬೇಕೆಂದಿರುವುದು ಆ ಪ್ರಶ್ನೆಯ ಬಗ್ಗೆಯೇ. ಅದು ನ್ಯಾಯವಾದ ಪ್ರಶ್ನೆ. ಆದರೆ ಎಲ್ಲರಿಗೂ ಒಂದೇ ಬಗೆಯಲ್ಲಿ ಕೇಳಿದರೆ ಅನ್ಯಾಯವಾಗುವ ಪ್ರಶ್ನೆಯೂ ಹೌದು.

ಮೊದಲು ಭೂಮಿ. ನಮ್ಮ ಆಡಳಿತದ ಗಡಿಗಳು ಮತ್ತೆ ಮತ್ತೆ ಬದಲಾಗಿವೆ. ಬೈಂದೂರು, ಬ್ರಹ್ಮಾವರ ತಾಲೂಕುಗಳಾದದ್ದು 2018ರಲ್ಲಿ; ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದೆ, 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋದಾಗ ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು, 1956ರ ನವೆಂಬರ್ 1ರ ತನಕ. ಆಗ ಶಿರೂರಿನಿಂದ ಸ್ವಲ್ಪ ದೂರ ಬಡಗಕ್ಕೆ ಹೋದರೆ ಬೇರೆ ಕಂದಾಯ ಪದ್ಧತಿ, ಬೇರೆ ಕಾಯಿದೆ ಇತ್ತು. ಹಾಗಾಗಿ ನಮ್ಮ ಜಮೀನಿನ ಕಡತ ಬಿಚ್ಚಿದರೆ ಮದ್ರಾಸಿನ ಅಡಂಗಲ್, ಮೈಸೂರಿನ ಪಹಣಿ, ಕರ್ನಾಟಕದ ಫಾರಂ 7 (ಗೇಣಿದಾರನ ಅರ್ಜಿ) ಒಂದರ ಮೇಲೊಂದು ಸಿಗುತ್ತವೆ. ಒಂದನ್ನು ಓದಿ ಉಳಿದದ್ದನ್ನು ಬಿಟ್ಟವನು ದಾವೆ ಸೋಲುತ್ತಾನೆ.

ಇಲ್ಲಿನ ಗದ್ದೆಗಳಲ್ಲಿ ಬಹುಪಾಲನ್ನು ಉತ್ತವರು ಗೇಣಿ ಒಕ್ಕಲುಗಳು. ಮೂಲಗೇಣಿಯವನಿಗೆ ಚೀಟು ಇತ್ತು, ಶಾಶ್ವತ ಹಕ್ಕಿತ್ತು. ಚಾಲಗೇಣಿಯವನಿಗೆ ಇದ್ದದ್ದು ಧಣಿಯ ಮಾತು ಮಾತ್ರ. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಳೆದು ಕೊಟ್ಟು ಬಂದರೆ ರಶೀದಿ ಕೇಳುವ ಪದ್ಧತಿ ಇರಲಿಲ್ಲ. ಕೇಳುವುದು ಧಣಿಯ ಮೇಲೆ ಅಪನಂಬಿಕೆ ತೋರಿಸಿದಂತೆ. ರಶೀದಿ ಇಲ್ಲದಿರುವುದು ಒಕ್ಕಲಿನ ಅಜ್ಞಾನ ಎಂದು ಕೆಲವರು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಕಾಗದ ಯಾರ ಮನೆಯ ಪೆಟ್ಟಿಗೆಯಲ್ಲಿ ಇರಬೇಕೆಂದು ತೀರ್ಮಾನಿಸಿದವನು ಒಕ್ಕಲಲ್ಲ.

ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರಕಾರಕ್ಕೆ ಸೇರಿ, ಅದನ್ನು ಉಳುವವನಿಗೆ ಅಧಿಭೋಗದ ಹಕ್ಕು ಕೊಡುವ ಕೆಲಸ ಭೂನ್ಯಾಯ ಮಂಡಳಿಗೆ ಬಂತು. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು, ಸರಕಾರ ನೇಮಿಸಿದ ಸದಸ್ಯರು, ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ ಎಂದು 48(8)ನೇ ಕಲಮು ಹೇಳಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧ ನಿಲ್ಲದು ಎಂದಿತು. ವಕೀಲನಾದ ನಾನು ಆ ತೀರ್ಪನ್ನು ಒಪ್ಪುತ್ತೇನೆ, ಆದರೆ ಆ ಕಲಮಿನ ಹಿಂದಿದ್ದ ಕಳಕಳಿಯನ್ನೂ ಗೌರವಿಸುತ್ತೇನೆ. ಕಾಗದವಿಲ್ಲದ ಒಕ್ಕಲು ಮಂಡಳಿಯ ಮುಂದೆ ನಿಂತು, ‘ಈ ಗದ್ದೆ ನಮ್ಮ ಅಜ್ಜನ ಕಾಲದಿಂದ ನಾವು ಮಾಡಿದ್ದು’ ಎಂದು ಬಾಯಿಯಲ್ಲೇ ಹೇಳಬೇಕಿತ್ತು, ನೆರೆಮನೆಯವನು ಹೌದು ಎನ್ನಬೇಕಿತ್ತು. ಪಹಣಿಯಲ್ಲಿ ಉಳುವವನ ಹೆಸರು ಬರೆಯುವ 12(2)ನೇ ಕಾಲಂನಲ್ಲಿ ಹೆಸರಿದ್ದರೆ ಬಲ ಬಂತು. ಇಲ್ಲದಿದ್ದರೆ ಮಾತೇ ಸಾಕ್ಷಿ. ಬಾಯಿಮಾತನ್ನು ಕಾನೂನು ಇಷ್ಟು ದೊಡ್ಡ ಪ್ರಮಾಣದಲ್ಲಿ ಗಂಭೀರವಾಗಿ ಕೇಳಿಸಿಕೊಂಡ ಇನ್ನೊಂದು ಸಂದರ್ಭ ನಮ್ಮ ಕರಾವಳಿಯಲ್ಲಿ ನನಗೆ ಕಾಣುವುದಿಲ್ಲ.

ಫಾರಂ 7 ಕೊಡುವ ಅವಧಿ 1979ರ ಜೂನ್ 30ಕ್ಕೆ ಮುಗಿಯಿತು. ಅದರಿಂದ ಹುಟ್ಟಿದ ವ್ಯಾಜ್ಯ ಇನ್ನೂ ಮುಗಿದಿಲ್ಲ. ಅರ್ಜಿ ಕೊಟ್ಟವನು ಮನೆಯ ಹಿರಿಮಗ; ಫಾರಂ 10ರ ಸರ್ಟಿಫಿಕೇಟು ಬಂದದ್ದು ಅವನ ಹೆಸರಿಗೆ. ಗದ್ದೆಯಲ್ಲಿ ನೇಜಿ ನೆಟ್ಟದ್ದು, ಕೊಯ್ದದ್ದು ಅಕ್ಕ ತಂಗಿಯರೂ ತಮ್ಮಂದಿರೂ. ಈಗ ಆ ಹಿರಿಮಗನ ಮಕ್ಕಳು, ‘ಇದು ನಮ್ಮ ಅಪ್ಪನ ಸ್ವಂತದ್ದು’ ಎನ್ನುತ್ತಾರೆ. ಗೇಣಿ ಕುಟುಂಬದ್ದಾಗಿದ್ದರೆ, ಒಬ್ಬನ ಹೆಸರಿಗೆ ಸಿಕ್ಕ ಅಧಿಭೋಗದ ಹಕ್ಕೂ ಕುಟುಂಬದ್ದೇ ಎಂದು ನಮ್ಮ ಹೈಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಆದರೆ ಗೇಣಿ ಕುಟುಂಬದ್ದಾಗಿತ್ತು ಎಂದು ತೋರಿಸಬೇಕಾದವರು ಪಾಲು ಕೇಳುವವರು. ಅವರಿಗೆ ನಾನು ಹೇಳುವುದಿಷ್ಟೇ: ಮಂಡಳಿಯ ಮೂಲ ಕಡತದ ನಕಲು ತೆಗೆಸಿ. ಅಣ್ಣ ಅಂದು ಕೊಟ್ಟ ಹೇಳಿಕೆ ಅದರಲ್ಲಿರುತ್ತದೆ. ‘ತಂದೆಯ ಕಾಲದಿಂದ ನಾವೆಲ್ಲ ಒಟ್ಟಿಗೆ ಮಾಡಿಕೊಂಡು ಬಂದದ್ದು’ ಎಂದು ಆತ ಅಂದು ಹೇಳಿದ್ದರೆ, ಇಂದಿನ ದಾವೆಗೆ ಅದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಅಂದು ಆಡಿದ ಮಾತನ್ನು ಯಾರೋ ಗುಮಾಸ್ತರು ಬರೆದಿಟ್ಟರು, ಉಳಿದದ್ದು ಅದೇ.

ಪಾಲಿನ ದಾವೆಯಲ್ಲಿ ಇನ್ನೊಂದು ಕವಲಿದೆ: ಕುಟುಂಬ ತಾಯಿಯ ಕಡೆಯಿಂದ ಹಕ್ಕು ಸಾಗುವ ಅಳಿಯಸಂತಾನದ್ದೋ, ತಂದೆಯ ಕಡೆಯಿಂದ ಸಾಗುವ ಮಕ್ಕಳಸಂತಾನದ್ದೋ? ಅಳಿಯಸಂತಾನದ ಹುಟ್ಟನ್ನು ಹೇಳುವ ಬಾರಕೂರಿನ ಭೂತಾಳಪಾಂಡ್ಯನ ಐತಿಹ್ಯ ಇಲ್ಲಿ ಎಲ್ಲರಿಗೂ ಗೊತ್ತು. ವಕೀಲನಿಗೆ ಬೇಕಾದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 7(2)ನೇ ಕಲಮು. ಮೊದಲನೆಯದು ಕುಟುಂಬದ ಶಾಖೆಗಳಾದ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಮುಂದೆ ಸಂತತಿ ಬೆಳೆಸುವ ಹೆಣ್ಣಿಲ್ಲದ ನಿಸ್ಸಂತತಿ ಕವರಿಗೆ ಬಹುಪಾಲು ಸಂದರ್ಭಗಳಲ್ಲಿ ಜೀವಾವಧಿಯ ಅನುಭವ ಮಾತ್ರ ಎಂದಿತು. ಎರಡನೆಯದು, 1956ರ ಜೂನ್ 17ರ ನಂತರ ಅವಿಭಕ್ತನಾಗಿ ತೀರಿಕೊಂಡ ಸದಸ್ಯನ ಪಾಲು ಅಳಿಯಸಂತಾನದ ಕ್ರಮದಲ್ಲಿ ಹೋಗದೆ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೋಗುತ್ತದೆ ಎಂದಿತು. ಆ ಪಾಲು ಎಷ್ಟು ಎಂಬುದನ್ನು, ಸಾಯುವ ಕ್ಷಣಕ್ಕೆ ತಲೆಯೆಣಿಕೆಯಲ್ಲಿ ವಿಭಾಗವಾಗಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟು ಎಂದು ಲೆಕ್ಕ ಹಾಕಬೇಕು. ನಮ್ಮ ಕರಾವಳಿಯಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. 1980ರ ಕಾನೂನು ವರದಿಗಳಲ್ಲಿ ಅದಿದೆ. ಅಲ್ಲಿಯವರೆಗೆ ಕುಟುಂಬದ ಮನೆಯಲ್ಲಿ ಗಂಡ ಸತ್ತ ಮೇಲೆ ಏನೂ ಇಲ್ಲದೆ ತವರಿಗೆ ಮರಳಬೇಕಿದ್ದ ಹೆಂಡತಿ ಮಕ್ಕಳಿಗೆ ಇದು ಎಷ್ಟು ದೊಡ್ಡದೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಪಕ್ಕದ ಕಾಸರಗೋಡಿನಲ್ಲಿ ಕೇರಳ ಸರಕಾರ 1975ರ ಕಾಯಿದೆಯಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿತು. ಒಂದೇ ಬಳಿಯ (ಕುಲದ) ನೆಂಟರಿಗೆ ಗಡಿಯ ಆಚೆ ಒಂದು ಲೆಕ್ಕ, ಈಚೆ ಇನ್ನೊಂದು.

ಮಕ್ಕಳಸಂತಾನದ ಮನೆಗಳಲ್ಲಿ ಜಗಳ ಹೆಣ್ಣುಮಕ್ಕಳ ಪಾಲಿನದು. 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಗಳು ಹುಟ್ಟಿನಿಂದಲೇ ಸಹದಾಯಾದಿ, 2005ರ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕೆಂದಿಲ್ಲ ಎಂದಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದನ್ನು ನಮ್ಮೂರಿನ ಅಣ್ಣತಮ್ಮಂದಿರು ಕಿವಿಗೊಟ್ಟು ಕೇಳಬೇಕು. ‘ನಾವು ಹಿಂದೆಯೇ ಬಾಯಿಯಲ್ಲಿ ಪಾಲು ಮಾಡಿಕೊಂಡಿದ್ದೆವು’ ಎಂಬ ವಾದವನ್ನು ಸುಲಭಕ್ಕೆ ಒಪ್ಪಬಾರದು. ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಬಹುದು. ಮಂಡಳಿಯ ಮುಂದೆ ಒಕ್ಕಲಿನ ಬಾಯಿಮಾತನ್ನು ನಂಬಿದ ಕಾನೂನೇ ಇಲ್ಲಿ ಅಣ್ಣಂದಿರ ಬಾಯಿಮಾತನ್ನು ನಂಬುತ್ತಿಲ್ಲ. ನನಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಬರೆಸಿಕೊಳ್ಳುವ ಶಕ್ತಿ ಇಲ್ಲದವನು ಹೇಳುವ ಮಾತು ಬೇರೆ. ಬರೆಸುವ ಶಕ್ತಿ ಇದ್ದೂ ಬರೆಸದೆ, ಈಗ ಅದರ ಲಾಭ ಕೇಳುವವನ ಮಾತು ಬೇರೆ.

ಇನ್ನು ದಾರಿ. ಹಾಡಿ, ಗದ್ದೆಯಂಚು, ಕಾಲುಸಂಕ ದಾಟಿ ಮನೆ ಸೇರುವ ಊರು ನಮ್ಮದು. ದಾರಿಯ ದಾವೆ ಇಲ್ಲದ ಗ್ರಾಮವೇ ಇರಲಿಕ್ಕಿಲ್ಲ. 1882ರ ಅನುಭೋಗದ ಹಕ್ಕಿನ ಕಾಯಿದೆ ಮದ್ರಾಸ್ ಪ್ರಾಂತಕ್ಕೆ ಆಗಲೇ ಅನ್ವಯಿಸಿದ್ದರಿಂದ ನಮಗೆ ಅದು ಹಳೆಯ ಪರಿಚಯ. ಆದರೂ ವಾದಪತ್ರ ಬರೆಯುವಾಗ ಎರಡು ಹಕ್ಕುಗಳನ್ನು ಕಲಸುವುದು ಇನ್ನೂ ನಿಂತಿಲ್ಲ. ಬೇರೆ ದಾರಿಯೇ ಇಲ್ಲದ್ದರಿಂದ ಸಿಗುವ ಅಗತ್ಯದ ಹಕ್ಕು ಒಂದು; ಪಂಚಾಯತ್ ರಸ್ತೆ ಬಂದ ದಿನ ಅದು 41ನೇ ಕಲಮಿನಂತೆ ಮುಗಿಯುತ್ತದೆ. ಇಪ್ಪತ್ತು ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ತನ್ನ ಹಕ್ಕೆಂದೇ ನಡೆದು ಬಂದದ್ದು ಇನ್ನೊಂದು. ರಸ್ತೆ ಬಂದರೂ ಅದು ಉಳಿಯುತ್ತದೆ. ದಾರಿ ಸರಕಾರಿ ಜಾಗದ ಮೇಲೆ ಹಾದರೆ ಇಪ್ಪತ್ತಲ್ಲ, ಮೂವತ್ತು ವರ್ಷ. ಇಲ್ಲಿಯೇ ಕುಮ್ಕಿ ಅಡ್ಡ ಬರುತ್ತದೆ. ಹಳೆಯ ವರ್ಗ (ಪಟ್ಟಾ) ಜಮೀನಿನಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವಿಗೆ ವರ್ಗದಾರನಿಗೆ ಇರುವ ಸವಲತ್ತೇ ಕುಮ್ಕಿ. 1964ರ ಭೂಕಂದಾಯ ಕಾಯಿದೆಯ 79ನೇ ಕಲಮು ಅದನ್ನು ಉಳಿಸಿದೆ. ಸವಲತ್ತನ್ನೇ ಮಾಲಿಕತ್ವ ಎಂದು ನಂಬಿ ಅದರಲ್ಲಿ ಬೇಲಿ ಹಾಕಿ ನೆರೆಯವನ ದಾರಿ ಮುಚ್ಚುವವರಿದ್ದಾರೆ. ನಂಬಿಕೆ ಎಷ್ಟು ಗಟ್ಟಿಯಾಗಿದ್ದರೂ ಜಾಗ ಸರಕಾರದ್ದೇ.

ದಾರಿಯ ಕಾನೂನು ನೆರೆಹೊರೆಯಲ್ಲಿ ಒಂದು ಭಯ ಹುಟ್ಟಿಸಿದೆ. ನಡೆಯಲು ಬಿಟ್ಟರೆ ಹಕ್ಕು ಹೋಗುತ್ತದೆ ಎಂದು ಯಾರೋ ಹೇಳಿ, ಒಳ್ಳೆಯವರೂ ದಾರಿಗೆ ಮುಳ್ಳು ಹಾಕುತ್ತಾರೆ. ಇದು ತಪ್ಪು ತಿಳಿವಳಿಕೆ. ನನ್ನ ಒಪ್ಪಿಗೆಯಿಂದ ನಡೆದವನಿಗೆ ಎಷ್ಟೇ ವರ್ಷ ಕಳೆದರೂ ಈ ಹಕ್ಕು ಹುಟ್ಟುವುದಿಲ್ಲ. ಒಪ್ಪಿಗೆ ಎಂಬುದಕ್ಕೆ ಒಂದು ಸಾಲು ಬರಹ, ಇಬ್ಬರ ಸಹಿ ಸಾಕು. ಆ ಒಂದು ಸಾಲು ಇದ್ದಿದ್ದರೆ ಎಷ್ಟೋ ಮನೆಗಳ ನಡುವೆ ಮಾತುಕತೆ ನಿಲ್ಲುತ್ತಿರಲಿಲ್ಲ.

ವ್ಯವಹಾರದ ದಾವೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿನ ಕಾನೂನು ಬಹಳ ಸರಳ, ಬಹಳ ಕಠಿಣ. ನಮ್ಮವರು ಬೆಂಗಳೂರು, ಮುಂಬಯಿಗಳಲ್ಲಿ ನಾಲ್ಕು ಜನ ಸೇರಿ ಹೋಟೆಲು ಹಾಕುತ್ತಾರೆ. ಗಂಗೊಳ್ಳಿಯಲ್ಲಿ ಸೇರಿ ದೋಣಿ ಮಾಡುತ್ತಾರೆ. ಪಾಲುದಾರಿಕೆ ನೋಂದಣಿ ಆಗಿರುವುದಿಲ್ಲ. 1932ರ ಪಾಲುದಾರಿಕೆ ಕಾಯಿದೆಯ 69ನೇ ಕಲಮಿನಂತೆ, ನೋಂದಣಿ ಇಲ್ಲದ ಸಂಸ್ಥೆಯ ಪಾಲುದಾರ ಕರಾರಿನ ಹಕ್ಕಿಗಾಗಿ ಸಂಸ್ಥೆಯ ಮೇಲಾಗಲಿ ಉಳಿದವರ ಮೇಲಾಗಲಿ ದಾವೆ ಹೂಡುವಂತಿಲ್ಲ. ಮುಖ್ಯವಾಗಿ ವಿಸರ್ಜನೆ ಮತ್ತು ವಿಸರ್ಜನೆಯಾದ ಸಂಸ್ಥೆಯ ಲೆಕ್ಕ ಕೇಳಬಹುದು. ಅಂದರೆ ಹೋಟೆಲು ನಡೆಯುತ್ತಿರುವಾಗ ನಿಮ್ಮನ್ನು ಹೊರಗಿಟ್ಟರೆ, ನ್ಯಾಯ ಕೇಳಲು ಹೋಟೆಲನ್ನೇ ಮುಚ್ಚಿಸಬೇಕು. ವಿಸರ್ಜನೆಯಾದ ದಿನದಿಂದ ಮೂರು ವರ್ಷ ಕಳೆದರೆ ಲೆಕ್ಕ ಕೇಳುವ ಹಕ್ಕೂ ಇಲ್ಲ. ಹೋಟೆಲು, ಅದನ್ನು ನಡೆಸುವ ಪ್ರತಿವಾದಿ ಎರಡೂ ಮುಂಬಯಿಯಲ್ಲಿದ್ದರೆ ದಾವೆ ನಡೆಯಬೇಕಾದದ್ದೂ ಸಾಮಾನ್ಯವಾಗಿ ಅಲ್ಲಿಯೇ. ಪಾಲುದಾರ ತೀರಿಕೊಂಡರೆ, ಊರಿನಲ್ಲಿ ಕೂತ ಅವನ ವಿಧವೆ ಅಲ್ಲಿಗೆ ಓಡಾಡಲಾರಳು. ಕೈಸಾಲದ ಚೆಕ್ಕು ಮರಳಿ ಬಂದರೆ, ಬ್ಯಾಂಕಿನ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸು, ಅದು ತಲುಪಿ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು. ‘ನೆಂಟರು, ಹೇಗೆ ನೋಟಿಸು ಕೊಡುವುದು’ ಎಂದು ಕಾದವರು ಆ ದಿನಗಳನ್ನು ಕಳೆದುಕೊಳ್ಳುತ್ತಾರೆ. ಇಲ್ಲಿ ಬಾಯಿಮಾತಿಗೆ ನಾನು ಯಾವ ವಿನಾಯಿತಿಯನ್ನೂ ಕೇಳುವುದಿಲ್ಲ. ಬಂಡವಾಳ ಹಾಕುವ ಶಕ್ತಿ ಇದ್ದವನಿಗೆ ಛಾಪಾ ಕಾಗದ ಕೊಳ್ಳುವ ಶಕ್ತಿಯೂ ಇದೆ.

ಗಾಯ ಮತ್ತು ಸಾವಿನ ಪ್ರಕರಣಗಳು ಹಾಗಲ್ಲ. ಹೆಜಮಾಡಿಯಿಂದ ಶಿರೂರಿನ ತನಕ ನಮ್ಮ ಜಿಲ್ಲೆಯನ್ನು ಉದ್ದಕ್ಕೆ ಸೀಳಿದ ರಾಷ್ಟ್ರೀಯ ಹೆದ್ದಾರಿ 66ನ್ನು ದಿನವೂ ದಾಟುವ ಮೀನು ಮಾರುವ ಹೆಂಗಸರು, ಬೀಡಿ ಕಟ್ಟುವವರು, ಶಾಲೆಯ ಮಕ್ಕಳು, ತೆಂಗಿನಕಾಯಿ ಕೊಯ್ಯಲು ಹೊರಟವರು. ಇವರಲ್ಲಿ ಹೆಚ್ಚಿನವರ ಆದಾಯ ಎಲ್ಲಿಯೂ ಬರೆದಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಹಾಗೆ ಬರೆಯದಿರುವುದರ ಬೆಲೆ ಎಷ್ಟೆಂದು ಒಂದು ಲೆಕ್ಕದಿಂದ ನೋಡಿ.

38 ವರ್ಷದ ಮೀನು ಮಾರುವ ಹೆಂಗಸು ತೀರಿಕೊಂಡಳು ಎಂದಿಟ್ಟುಕೊಳ್ಳಿ, ಅವಲಂಬಿತರು ನಾಲ್ವರು. ಸುಪ್ರೀಂ ಕೋರ್ಟಿನ 2009 ಮತ್ತು 2017ರ ತೀರ್ಪುಗಳ ಸೂತ್ರ ಹೀಗಿದೆ. ಸ್ವಂತ ದುಡಿಮೆಯವರಿಗೆ 40ರೊಳಗಿನ ವಯಸ್ಸಾದರೆ ಆದಾಯಕ್ಕೆ ಶೇ. 40 ಸೇರಿಸಬೇಕು, ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯಬೇಕು, ಆ ವಯಸ್ಸಿಗೆ 15ರಿಂದ ಗುಣಿಸಬೇಕು. ತಿಂಗಳ ಆದಾಯ 15,000 ರೂಪಾಯಿ ಎಂದು ಸಾಬೀತಾದರೆ ಕುಟುಂಬದ ನಷ್ಟ 28,35,000 ರೂಪಾಯಿ. ಪುರಾವೆ ಇಲ್ಲದೆ 10,000 ಎಂದು ಊಹಿಸಿದರೆ 18,90,000. ತಿಂಗಳಿಗೆ ಐದು ಸಾವಿರದ ಪುರಾವೆ ಇಲ್ಲದ್ದಕ್ಕೆ ಮಕ್ಕಳು ಕಳೆದುಕೊಂಡದ್ದು 9,45,000.

ಈ ಪುರಾವೆ ನಮ್ಮ ಊರಿನಲ್ಲಿ ಸಿಗುವುದಿಲ್ಲ ಎಂದು ಕೈಚೆಲ್ಲುವ ವಕೀಲರನ್ನು ನಾನು ಒಪ್ಪುವುದಿಲ್ಲ. 1928ರಲ್ಲಿ ಉಡುಪಿಯ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ ಪಿಗ್ಮಿ ಠೇವಣಿ ಆರಂಭಿಸಿದ್ದು ಇಂಥವರಿಗಾಗಿಯೇ: ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೆ ಹೋಗಿ ಹಣ ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಕೊಡುವ ಪದ್ಧತಿ. ಸಹಕಾರಿ ಸಂಘಗಳಲ್ಲಿ ಅದು ಇನ್ನೂ ಇದೆ. ದಿನಕ್ಕೆ ನೂರು ರೂಪಾಯಿ ಪಿಗ್ಮಿ ಕಟ್ಟಿದವಳು ದಿನಕ್ಕೆ ಕನಿಷ್ಠ ಎಷ್ಟು ದುಡಿದಿರಬೇಕು? ಸ್ವಸಹಾಯ ಗುಂಪಿನ ಸಾಲದ ಕಂತು, ಬೀಡಿ ಕಾರ್ಮಿಕಳ ಲಾಗ್ ಪುಸ್ತಕ, ಬಂದರಿನಲ್ಲಿ ಮೀನು ಹರಾಜಿನ ಚೀಟಿ, ಇವನ್ನು ಸಾಕ್ಷಿಯಾಗಿ ಗುರುತು ಮಾಡಿಸಬೇಕು, ಪುಸ್ತಕ ಬರೆದವರನ್ನು ಕರೆಸಿ ಹೇಳಿಸಬೇಕು. ಮನೆಯಲ್ಲಿ ದುಡಿಯುವ ಹೆಂಗಸಿನ ಕೆಲಸಕ್ಕೂ ಬೆಲೆಯಿದೆ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದೆ. ಅಡುಗೆ, ಹಟ್ಟಿ, ತೋಟ, ಮುದುಕರ ಆರೈಕೆ ಎಲ್ಲವನ್ನೂ ಒಂದೊಂದಾಗಿ ಸಾಕ್ಷ್ಯದಲ್ಲಿ ಹೇಳಿಸದೆ ‘ಗೃಹಿಣಿ’ ಎಂದು ಒಂದೇ ಮಾತು ಬರೆದು ಮುಗಿಸುವುದು ಆಕೆಗೆ ಮಾಡುವ ದ್ರೋಹ.

ಗಾಯಾಳುವಿನ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2010ರ ತೀರ್ಪೊಂದು ದಾರಿ ತೋರಿಸಿತು. ಎಡಗೈ ಕಳೆದುಕೊಂಡ ಸರಕಾರಿ ಗುಮಾಸ್ತನ ಸಂಬಳ ಕಡಿಮೆಯಾಗದೇ ಇರಬಹುದು. ಅದೇ ಗಾಯ ಚಾಲಕನಿಗೋ ಬಡಗಿಗೋ ಆದರೆ ದುಡಿಯುವ ಶಕ್ತಿ ಬಹುತೇಕ ಪೂರ್ತಿ ಹೋಯಿತು. ವೈದ್ಯರು ಕಾಲಿಗೆ ಶೇ. 30 ಎಂದು ಬರೆದರೂ, ಆ ಕಾಲು ತೆಂಗಿನ ಮರ ಹತ್ತುವವನದ್ದಾದರೆ ಅವನ ಮಟ್ಟಿಗೆ ನಷ್ಟ ನೂರಕ್ಕೆ ನೂರು ಆಗಬಹುದು. ಅದನ್ನು ಹೇಳಬೇಕಾದದ್ದು ವೈದ್ಯರಲ್ಲ, ಅವನು ಮರ ಹತ್ತುವುದನ್ನು ಕಂಡವರು. ಇಲ್ಲಿ ಮತ್ತೆ ಬಾಯಿಮಾತಿಗೆ ಬೆಲೆ ಬಂತು.

ಆದರೆ ಒಂದು ಮಾತು ಮಾತ್ರ ಜೋಪಾನ: ಆಸ್ಪತ್ರೆಯಲ್ಲಿ ಮೊದಲು ಹೇಳಿದ್ದು. ಗಾಬರಿಯಲ್ಲಿ ಕರೆತಂದ ನೆಂಟ ‘ಬೈಕಿನಿಂದ ಬಿದ್ದ’ ಎಂದ, ದಾಖಲೆಯಲ್ಲಿ ಅದೇ ಬಂತು. ಹಿಂದಿನಿಂದ ಕಾರು ಗುದ್ದಿತ್ತು ಎಂದು ಮೂರು ದಿನ ಬಿಟ್ಟು ಪೊಲೀಸರಿಗೆ ಹೇಳಿದರೆ ವಿಮಾ ಕಂಪನಿಯ ವಕೀಲರು ಆ ಮೊದಲ ಸಾಲನ್ನೇ ಹಿಡಿಯುತ್ತಾರೆ. ಹಾಗೆಯೇ ನಿಜವಾಗಿ ತಾನೇ ಬಿದ್ದವನ ಪ್ರಕರಣಕ್ಕೆ ಯಾರದೋ ವಾಹನ ಸೇರಿಸುವ ಕೆಲಸಕ್ಕೆ ಯಾವ ವಕೀಲನೂ ಕೈಹಾಕಬಾರದು. ಅದರಿಂದ ನಿಜವಾದ ಗಾಯಾಳುಗಳ ಮಾತೂ ಅನುಮಾನಕ್ಕೆ ಒಳಗಾಗುತ್ತದೆ. ಇನ್ನು, 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವಿದೆ. ಅದರ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದೆ ಎಂಬ ಧೈರ್ಯದಲ್ಲಿ ಕೂರಬೇಡಿ. ವರ್ಷಾಂತ ಮುಗಿಯಲಿ ಎಂದು ಕಾಯುವ ಮನೆಗಳಿಗೆ ಇದನ್ನು ಹತ್ತಿರದವರೇ ಹೋಗಿ ತಿಳಿಸಬೇಕು.

ಕೊನೆಯದಾಗಿ ರಾಜಿ. ಲೋಕ ಅದಾಲತ್ತಿನಲ್ಲಿ ಮುಗಿದರೆ ನ್ಯಾಯಾಲಯದ ಶುಲ್ಕ ವಾಪಸು ಸಿಗುತ್ತದೆ, ಮೇಲ್ಮನವಿ ಇಲ್ಲ, ನೆರೆಮನೆಯವರು ಮತ್ತೆ ಮದುವೆಗೆ ಕರೆಯುತ್ತಾರೆ. ನಾನು ರಾಜಿಯ ಪರ. ಆದರೆ ಅವಸರದ ರಾಜಿ ಹೊಸ ದಾವೆಯ ಬೀಜ. ‘ಪಡುಬದಿಯ ಗದ್ದೆ ಅಣ್ಣನಿಗೆ, ಮೂಡುಬದಿಯದ್ದು ತಂಗಿಗೆ, ನಡುವೆ ದಾರಿ ಬಿಡತಕ್ಕದ್ದು’ ಎಂದು ಬರೆದು ಸಹಿ ಹಾಕಿದ ರಾಜಿ ಅರ್ಜಿಯಲ್ಲಿ ದಾರಿ ಎಷ್ಟು ಅಗಲ, ಎಲ್ಲಿಂದ ಎಲ್ಲಿಗೆ, ಮಳೆಗಾಲದಲ್ಲಿ ನೀರು ಯಾವ ಕಡೆ ಹರಿಯಬೇಕು ಎಂದಿರುವುದಿಲ್ಲ. ದಾವೆಯ ಷೆಡ್ಯೂಲಿನಲ್ಲಿಲ್ಲದ ಸ್ಥಿರಾಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ಆ ಡಿಕ್ರಿಗೆ ನೋಂದಣಿ ಬೇಕು. ಮಾಡಿಸದಿದ್ದರೆ ಖಾತೆ ಬದಲಾಗದೆ ಮಕ್ಕಳ ಕಾಲಕ್ಕೆ ತಗಾದೆ. ಆದ್ದರಿಂದ ಕಿರಿಯ ವಕೀಲರಲ್ಲಿ ಒಂದು ವಿನಂತಿ. ರಾಜಿಗೆ ಸಹಿ ಹಾಕಿಸುವ ಮೊದಲು ಸರ್ವೆಯವರನ್ನು ಕರೆದುಕೊಂಡು ಜಾಗಕ್ಕೆ ಹೋಗಿ, ಎರಡೂ ಕಡೆಯವರನ್ನು ನಿಲ್ಲಿಸಿ ಅಳೆಸಿ, ನಕ್ಷೆ ಬರೆಸಿ, ಆ ನಕ್ಷೆಯ ಮೇಲೆಯೇ ಎಲ್ಲರ ಸಹಿ ತೆಗೆದುಕೊಳ್ಳಿ. ತಂಗಿ ಮುಂಬಯಿಯಲ್ಲಿದ್ದರೆ ಆಕೆ ಬರುವ ತನಕ ಕಾಯಿರಿ.